ನಿಮಿಷಕ್ಕೆ ಎಷ್ಟು ಹನಿ?

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ತರುವ ಜೇನುತುಪ್ಪದ ರುಚಿ ಯಳಂದೂರು, ಕೊಳ್ಳೇಗಾಲದ ಮನೆಗಳಿಗೆ ಹೊಸದಲ್ಲ. ಚಳಿಗಾಲದ ಬೆಳಿಗ್ಗೆ ಆ ಬಾಟಲಿಯನ್ನು ಬಗ್ಗಿಸಿದರೆ ತುಪ್ಪ ಕೂಡಲೇ ಬೀಳುವುದಿಲ್ಲ. ಬಾಯಿಯ ಹತ್ತಿರ ಬಂದು, ಯೋಚಿಸಿ, ಎಳೆಯಾಗಿ ಇಳಿಯುತ್ತದೆ. ಅದೇ ಬಾಟಲಿಯನ್ನು ಸ್ವಲ್ಪ ಹೊತ್ತು ಬಿಸಿಲಿನಲ್ಲಿಟ್ಟರೆ ಸರಾಗವಾಗಿ ಸುರಿಯುತ್ತದೆ. ಪಕ್ಕದಲ್ಲೇ ಇರುವ ನೀರಿನ ಚೊಂಬಿಗೆ ಈ ರಗಳೆ ಇಲ್ಲ. ಬಗ್ಗಿಸಿದ ಕ್ಷಣವೇ ಖಾಲಿ.

ದ್ರವದ ಒಂದು ಪದರ ಇನ್ನೊಂದು ಪದರದ ಮೇಲೆ ಜಾರುವಾಗ ಒಳಗೊಳಗೇ ಉಂಟಾಗುವ ಈ ತಡೆಗೆ ವಿಜ್ಞಾನದಲ್ಲಿ ಸ್ನಿಗ್ಧತೆ ಎಂದು ಹೆಸರು. ಅಡುಗೆ ಮನೆಯ ಮಾತಿನಲ್ಲಿ ಇದು ದ್ರವದ ‘ಮಂದ’. ಸಾಂಬಾರು ಮಂದವಾಗಿದೆ, ಪಾಕ ಮಂದವಾಗಿದೆ ಎನ್ನುವಾಗ ತಾಯಂದಿರು ಹೇಳುವುದು ಇದನ್ನೇ. ಅಡುಗೆಯಲ್ಲಿ ಮಂದ ಸ್ವಲ್ಪ ಹೆಚ್ಚುಕಡಿಮೆಯಾದರೆ ಊಟದ ರುಚಿ ಕೆಡುತ್ತದೆ, ಅಷ್ಟೆ. ಆದರೆ ಇದೇ ಗುಣ ಆಸ್ಪತ್ರೆಯ ಮಂಚದ ಪಕ್ಕ ತೂಗುವ ಡ್ರಿಪ್ಸ್ ಬಾಟಲಿಯಲ್ಲಿ ಲೆಕ್ಕ ತಪ್ಪಿಸಿದರೆ ಪರಿಣಾಮ ರುಚಿಯದ್ದಲ್ಲ, ಜೀವದ್ದು.

<b>ಬಸ್ಸಿನ ಅವಸರ</b>

ಹನೂರು, ಕೊಳ್ಳೇಗಾಲದ ಕಡೆ ಜ್ವರ ಬಂದವರನ್ನು ಆಸ್ಪತ್ರೆಗೆ ಕರೆದೊಯ್ದವರು ಮೊದಲು ಕೇಳುವುದು ‘ಒಂದು ಗ್ಲೂಕೋಸ್ ಬಾಟ್ಲಿ ಹಾಕ್ಸಿ’ ಎಂದು. ಬಾಟಲಿ ಏರಿದ ಮೇಲೆ ಕೇಳುವ ಮಾತು ಇನ್ನೊಂದು: ‘ಸಿಸ್ಟರಮ್ಮ, ಒಸಿ ಜೋರಾಗಿ ಬುಡಿ, ಕೊನೆ ಬಸ್ಸು ತಪ್ಪೋಯ್ತದೆ.’ ಸಿಸ್ಟರ್ ಒಪ್ಪದೆ ಆಚೆ ಹೋದರೆ, ಜೊತೆಗೆ ಬಂದವರಲ್ಲೇ ಒಬ್ಬರು ಎದ್ದು ಕೊಳವೆಯ ಮೇಲಿನ ಪುಟ್ಟ ಚಕ್ರವನ್ನು ಮೇಲಕ್ಕೆ ಉರುಳಿಸಿಬಿಡುವುದೂ ಉಂಟು. ಟಪ್... ಟಪ್... ಎನ್ನುತ್ತಿದ್ದ ಹನಿ ಟಪಟಪ ಎನ್ನತೊಡಗುತ್ತದೆ. ನೋಡುವವರಿಗೆ ಸಮಾಧಾನ, ಮಲಗಿದವರಿಗೆ ಅಪಾಯ.

ಆ ಚಕ್ರ ಮಾಡುವ ಕೆಲಸ ಬಲು ಸರಳ. ಮೆತ್ತನೆಯ ಪ್ಲಾಸ್ಟಿಕ್ ಕೊಳವೆಯನ್ನು ಅದು ಅಮುಕುತ್ತದೆ, ದ್ರವ ಹೋಗುವ ಸಂದಿ ಕಿರಿದಾಗುತ್ತದೆ. ಮನೆಯ ನಲ್ಲಿಯನ್ನು ತಿರುಗಿಸಿದಂತೆ. ಆದರೆ ಚಕ್ರದ ಮೇಲೆ ‘ಗಂಟೆಗೆ ಇಷ್ಟು’ ಎಂಬ ಅಂಕಿ ಇರುವುದಿಲ್ಲ. ಆದ್ದರಿಂದ ಸಿಸ್ಟರ್ ಕೈಗಡಿಯಾರ ನೋಡುತ್ತ, ಬಾಟಲಿಯ ಕೆಳಗಿನ ಪಾರದರ್ಶಕ ಗೂಡಿನಲ್ಲಿ ಬೀಳುವ ಹನಿಗಳನ್ನು ಎಣಿಸುತ್ತಾರೆ. ಎಣಿಕೆಯ ಹಿಂದಿರುವುದು ಹೈಸ್ಕೂಲು ಮಟ್ಟದ ಗಣಿತವೇ.

ಸಾಮಾನ್ಯ ಡ್ರಿಪ್ಸ್ ಸೆಟ್ಟಿನಲ್ಲಿ 20 ಹನಿ ನೀರು ಸೇರಿದರೆ 1 ಮಿ.ಲೀ. ಎಂಬುದು ಅಂತರರಾಷ್ಟ್ರೀಯ ಮಾನದಂಡ. ಇದರಲ್ಲೂ ಶೇಕಡಾ 10ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ವೈದ್ಯರು 500 ಮಿ.ಲೀ. ಸಲೈನ್ ಅನ್ನು 4 ಗಂಟೆಯಲ್ಲಿ ಕೊಡಿ ಎಂದು ಬರೆದರೆನ್ನಿ. 500 ಮಿ.ಲೀ. ಎಂದರೆ 10,000 ಹನಿ. 4 ಗಂಟೆ ಎಂದರೆ 240 ನಿಮಿಷ. ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಅಷ್ಟು ಬೀಳುವವರೆಗೆ ಚಕ್ರವನ್ನು ಹಿಂದೆ ಮುಂದೆ ಉರುಳಿಸಿ ನಿಲ್ಲಿಸುತ್ತಾರೆ.

ಮಕ್ಕಳಿಗಾಗಿ ಇನ್ನೊಂದು ಬಗೆಯ ಸೆಟ್ ಇದೆ. ಅದರ ಗೂಡಿನೊಳಗೆ ಸೂಜಿಯಂಥ ಸಣ್ಣ ನಳಿಕೆ ಇರುತ್ತದೆ. ಅದರಲ್ಲಿ 60 ಹನಿಗೆ 1 ಮಿ.ಲೀ. ಗಂಟೆಗೆ 60 ನಿಮಿಷವಾದ್ದರಿಂದ ಇಲ್ಲಿ ಲೆಕ್ಕ ಸುಲಭ: ನಿಮಿಷಕ್ಕೆ ಎಷ್ಟು ಹನಿಯೋ ಗಂಟೆಗೆ ಅಷ್ಟೇ ಮಿ.ಲೀ. ಆದರೆ ಎರಡು ಸೆಟ್ಟುಗಳನ್ನು ಅದಲುಬದಲು ಮಾಡಿಕೊಂಡರೆ ಏನಾಗುತ್ತದೆ ಗಮನಿಸಿ. ನಿಮಿಷಕ್ಕೆ 30 ಹನಿ ಎಂದರೆ ಸಣ್ಣ ಹನಿಯ ಸೆಟ್ಟಿನಲ್ಲಿ ಗಂಟೆಗೆ 30 ಮಿ.ಲೀ., ಸಾಮಾನ್ಯ ಸೆಟ್ಟಿನಲ್ಲಿ ಗಂಟೆಗೆ 90 ಮಿ.ಲೀ. ಎಳೆಯ ಮಗುವಿನ ಮಟ್ಟಿಗೆ ಈ ಮೂರು ಪಟ್ಟು ದೊಡ್ಡ ವ್ಯತ್ಯಾಸ.

<b>ಪ್ವಾಸೆಯ ಕೊಳವೆಗಳು</b>

ಕೊಳವೆಯೊಳಗೆ ದ್ರವ ಎಷ್ಟು ವೇಗವಾಗಿ ಹರಿಯುತ್ತದೆ ಎಂಬ ಪ್ರಶ್ನೆಯನ್ನು ಕೂಲಂಕಷವಾಗಿ ಬಿಡಿಸಿದವನು ಫ್ರಾನ್ಸಿನ ಝಾಂ ಪ್ವಾಸೆಯ. ಅವನು ಬದುಕಿದ್ದ ಕಾಲ 1797ರಿಂದ 1869. ಓದಿದ್ದು ವೈದ್ಯಶಾಸ್ತ್ರ, ಒಲವು ಭೌತವಿಜ್ಞಾನದ ಕಡೆಗೆ. ಅತಿ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂದು ತಿಳಿಯುವ ಆಸೆಯಿಂದ ಅವನು ಕೂದಲೆಳೆಯಂಥ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಅಳೆದ. 1840ರ ದಶಕದಲ್ಲಿ ಅವನ ಫಲಿತಾಂಶಗಳು ಪ್ರಕಟವಾದವು. ಜರ್ಮನಿಯ ಎಂಜಿನಿಯರ್ ಹಾಗೆನ್ ಕೂಡ 1839ರಲ್ಲಿ ಸ್ವತಂತ್ರವಾಗಿ ಇಂಥದೇ ತೀರ್ಮಾನಕ್ಕೆ ಬಂದಿದ್ದ. ಸ್ನಿಗ್ಧತೆಯನ್ನು ಅಳೆಯುವ ‘ಪಾಯ್ಸ್’ ಎಂಬ ಮಾನ ಪ್ವಾಸೆಯನ ಹೆಸರಿನಿಂದಲೇ ಬಂದದ್ದು.

ಅವನ ನಿಯಮದ ಸಾರ ನಾಲ್ಕು ಮಾತಿನಲ್ಲಿ ಹೀಗಿದೆ. ಒತ್ತಡ ಹೆಚ್ಚಿದಷ್ಟೂ ಹರಿವು ಹೆಚ್ಚು. ಕೊಳವೆ ಉದ್ದವಾದಷ್ಟೂ ಹರಿವು ಕಡಿಮೆ. ದ್ರವದ ಸ್ನಿಗ್ಧತೆ ಹೆಚ್ಚಿದಷ್ಟೂ ಹರಿವು ಕಡಿಮೆ. ಕೊನೆಯದು ಎಲ್ಲಕ್ಕಿಂತ ಬಲವಾದದ್ದು: ಹರಿವು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಅಂದರೆ ತ್ರಿಜ್ಯ ಅರ್ಧಕ್ಕಿಳಿದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರನೇ ಒಂದು ಪಾಲಾಗುತ್ತದೆ. ಚಕ್ರವನ್ನು ಒಂದು ಕೂದಲಿನಷ್ಟು ಉರುಳಿಸಿದರೂ ಹನಿಗಳ ಲೆಕ್ಕ ಏಕೆ ಅಷ್ಟೊಂದು ಬದಲಾಗುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಕೈಗೆ ಚುಚ್ಚುವ ಕ್ಯಾನುಲಾಗಳಿಗೆ ಬಣ್ಣ ಕೊಟ್ಟಿರುವುದೂ ಈ ಕಾರಣಕ್ಕೇ. ಹಸಿರು ದಪ್ಪನೆಯದು, ಗುಲಾಬಿ ಅದಕ್ಕಿಂತ ಸಣ್ಣದು, ನೀಲಿ ಇನ್ನೂ ಸಣ್ಣದು, ಮಕ್ಕಳಿಗೆ ಹಾಕುವ ಹಳದಿ ತೀರ ಸಣ್ಣದು. ಪೊಟ್ಟಣದ ಮೇಲೆ ಪ್ರತಿಯೊಂದರ ಗರಿಷ್ಠ ಹರಿವನ್ನು ಮುದ್ರಿಸಿರುತ್ತಾರೆ. ಹಸಿರಿನಲ್ಲಿ ಅದು ನಿಮಿಷಕ್ಕೆ ಸುಮಾರು 90 ಮಿ.ಲೀ. ಇದ್ದರೆ ಹಳದಿಯಲ್ಲಿ ಸುಮಾರು 20 ಮಿ.ಲೀ. ಮಾತ್ರ. ಈ ಅಂಕಿಗಳೆಲ್ಲ ಪ್ರಯೋಗಾಲಯದಲ್ಲಿ ನೀರು ಹರಿಸಿ ಅಳೆದವು ಎಂಬುದನ್ನು ನೆನಪಿಡಬೇಕು. ನೀರಿಗಿಂತ ಮಂದವಾದ ದ್ರವ ಹರಿಸಿದರೆ ಅಷ್ಟು ಹೋಗುವುದಿಲ್ಲ.

ಒತ್ತಡ ಎಲ್ಲಿಂದ ಬರುತ್ತದೆ? ಬಾಟಲಿಯ ಎತ್ತರದಿಂದ. ಮನೆಯ ಮೇಲಿನ ತೊಟ್ಟಿಯಿಂದ ನಲ್ಲಿಗೆ ನೀರು ಬರುವ ಹಾಗೆಯೇ. ಬಾಟಲಿ ಕೈಯಿಂದ 90 ಸೆಂ.ಮೀ. ಮೇಲಿದ್ದರೆ ಒತ್ತಡ ಸುಮಾರು 66 ಮಿ.ಮೀ. ಪಾದರಸದಷ್ಟು. ಕೈಯ ಅಭಿಧಮನಿಯೊಳಗಿನ ರಕ್ತದ ಒತ್ತಡ ಇದಕ್ಕೆ ಹೋಲಿಸಿದರೆ ಬಹಳ ಕಡಿಮೆ, ಮಲಗಿದಾಗ ಸುಮಾರು 10 ಮಿ.ಮೀ. ಈ ಎರಡರ ವ್ಯತ್ಯಾಸವೇ ದ್ರವವನ್ನು ಒಳಕ್ಕೆ ತಳ್ಳುವ ಬಲ. ರೋಗಿ ಬಾಟಲಿಯನ್ನು ಕೈಯಲ್ಲಿ ಹಿಡಿದು ಬಚ್ಚಲಿಗೆ ಹೋಗುವಾಗ ಅದನ್ನು ಕೈಗಿಂತ ಕೆಳಗೆ ಇಳಿಸಿದರೆ ರಕ್ತ ಕೊಳವೆಯೊಳಗೆ ಹಿಂದಕ್ಕೆ ಏರುತ್ತದೆ. ಅದನ್ನು ಕಂಡು ಮನೆಯವರು ಕೂಗಿಕೊಳ್ಳುವುದುಂಟು. ಬಾಟಲಿಯನ್ನು ಎತ್ತರಕ್ಕೆ ಎತ್ತಿ ಹಿಡಿದು ಸಿಸ್ಟರನ್ನು ಕರೆಯುವುದೇ ಅದಕ್ಕೆ ಪರಿಹಾರ.

<b>ಬಾಟಲಿ ಬದಲಾದಾಗ</b>

ಈಗ ಮಂದದ ಮಾತಿಗೆ ಬರೋಣ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೀರಿನ ಸ್ನಿಗ್ಧತೆಯನ್ನು 1 ಎಂದು ಇಟ್ಟುಕೊಂಡರೆ, ಆಸ್ಪತ್ರೆಯ ಸಾಮಾನ್ಯ ಸಲೈನಿನದು ಹೆಚ್ಚುಕಡಿಮೆ ಅಷ್ಟೇ. ಶೇಕಡಾ 5ರ ಗ್ಲೂಕೋಸ್ ದ್ರಾವಣದ್ದು ಹತ್ತಿರ ಹತ್ತಿರ 1.1. ಶೇಕಡಾ 25ರ ಗ್ಲೂಕೋಸಿನದು ಸುಮಾರು ಎರಡು ಪಟ್ಟು. ಮನುಷ್ಯನ ರಕ್ತದ್ದು ನೀರಿನ ಮೂರು ನಾಲ್ಕು ಪಟ್ಟು. ಪ್ಲಾಸ್ಮಾ ತೆಗೆದು ಕೆಂಪು ಕಣಗಳನ್ನಷ್ಟೇ ಉಳಿಸಿದ ರಕ್ತದ ಚೀಲದ್ದು ಅದಕ್ಕಿಂತಲೂ ಹೆಚ್ಚು.

ಸಲೈನಿಗೆಂದು ನಿಮಿಷಕ್ಕೆ 42 ಹನಿಗೆ ನಿಲ್ಲಿಸಿದ ಚಕ್ರವನ್ನು ಮುಟ್ಟದೆ ಅದೇ ಕೊಳವೆಗೆ ಶೇಕಡಾ 5ರ ಗ್ಲೂಕೋಸ್ ಬಾಟಲಿ ಹಾಕಿದರೆ ಹನಿ 38ರ ಸುತ್ತಮುತ್ತಕ್ಕೆ ಇಳಿಯುತ್ತದೆ. 4 ಗಂಟೆಯಲ್ಲಿ ಮುಗಿಯಬೇಕಾದ 500 ಮಿ.ಲೀ.ಗೆ 20 ನಿಮಿಷಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಇದು ದೊಡ್ಡ ನಷ್ಟವಲ್ಲ. ಆದರೆ ಶೇಕಡಾ 25ರ ಗ್ಲೂಕೋಸ್ ಹಾಕಿದರೆ ಹನಿ ಅರ್ಧಕ್ಕೇ ಇಳಿಯುತ್ತದೆ. ಇದರ ತಿರುವುಮುರುವು ಇನ್ನೂ ಕೆಟ್ಟದ್ದು. ಮಂದವಾದ ದ್ರವಕ್ಕೆಂದು ಅಗಲ ಬಿಟ್ಟ ಚಕ್ರವನ್ನು ಸರಿಪಡಿಸದೆ ತೆಳುವಾದ ಸಲೈನ್ ಹಾಕಿದರೆ ಅದು ಎರಡು ಪಟ್ಟು ವೇಗವಾಗಿ ನುಗ್ಗುತ್ತದೆ. ಆದ್ದರಿಂದಲೇ ಪ್ರತಿ ಬಾಟಲಿ ಬದಲಿಸಿದಾಗಲೂ ಹನಿಯನ್ನು ಹೊಸದಾಗಿ ಎಣಿಸಬೇಕು ಎಂದು ನರ್ಸಿಂಗ್ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ.

ಉಷ್ಣತೆಯ ಆಟ ಇದರ ಜೊತೆಗೆ. 10 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ 1.31 ಇದ್ದರೆ 30 ಡಿಗ್ರಿಯಲ್ಲಿ 0.80. ಒಂದೊಂದು ಡಿಗ್ರಿಗೆ ಸುಮಾರು ಶೇಕಡಾ 2ರಷ್ಟು ಬದಲಾಗುತ್ತದೆ ಎಂದು ಇಟ್ಟುಕೊಳ್ಳಬಹುದು. ಬೆಟ್ಟದ ಊರಿನಲ್ಲಿ ಮಧ್ಯಾಹ್ನ ಕೋಣೆಯ ಶಾಖ 32 ಡಿಗ್ರಿ ಇದ್ದಾಗ 42 ಹನಿಗೆ ನಿಲ್ಲಿಸಿದ ಚಕ್ರ, ನಸುಕಿನಲ್ಲಿ ಶಾಖ 18 ಡಿಗ್ರಿಗೆ ಇಳಿದರೆ ಬೇರೇನೂ ಬದಲಾಗದಿದ್ದರೂ ಸುಮಾರು 30 ಹನಿಯನ್ನಷ್ಟೇ ಬಿಡುತ್ತದೆ. ಜೇನುತುಪ್ಪದ ಬಾಟಲಿಯನ್ನು ಬಿಸಿಲಿಗಿಟ್ಟ ಪಾಠವೇ ಇದು. ಹಗಲಲ್ಲಿ ಎಣಿಸಿದ ಹನಿಯನ್ನು ರಾತ್ರಿ ಮತ್ತೆ ಎಣಿಸಬೇಕು.

ಇದಲ್ಲದೆ ಪ್ಲಾಸ್ಟಿಕ್ ಕೊಳವೆಗೂ ಒಂದು ಸ್ವಭಾವವಿದೆ. ಚಕ್ರ ಅಮುಕಿದ ಜಾಗದಲ್ಲಿ ಅದು ತಕ್ಷಣವೇ ಸ್ಥಿರವಾಗಿ ನಿಲ್ಲುವುದಿಲ್ಲ. ನಿಧಾನವಾಗಿ ಆಕಾರ ಬದಲಿಸುತ್ತ ಹೋಗುತ್ತದೆ. ಹೀಗಾಗಿ ಮೊದಲ ಕಾಲು ಗಂಟೆ ಅರ್ಧ ಗಂಟೆಯಲ್ಲಿ ಹನಿಯ ಲೆಕ್ಕ ತಾನಾಗಿಯೇ ಸರಿಯುತ್ತದೆ. ಬಾಟಲಿಯೊಳಗಿನ ದ್ರವದ ಮಟ್ಟ ಇಳಿದಂತೆ ಒತ್ತಡವೂ ಇಳಿಯುತ್ತದೆ. ರೋಗಿ ಕೈ ಮಡಿಸಿದರೆ ಇನ್ನೊಂದು ಅಡ್ಡಿ.

<b>ಎಣಿಕೆ ಸರಿ, ಅಳತೆ ತಪ್ಪು</b>

ಇಲ್ಲಿ ಜಾಣ ವಿದ್ಯಾರ್ಥಿ ಒಂದು ಪ್ರಶ್ನೆ ಎತ್ತಬಹುದು. ದ್ರವ ಎಷ್ಟೇ ಮಂದವಾಗಿರಲಿ, ಹನಿ ಎಣಿಸಿ 42ಕ್ಕೆ ತಂದರೆ ಮುಗಿಯಿತಲ್ಲ? ಸ್ನಿಗ್ಧತೆಯ ಗೊಡವೆ ಏಕೆ?

ಪ್ರಶ್ನೆ ಸರಿಯಾದದ್ದೇ. ಹನಿ ಎಣಿಸುವ ಪದ್ಧತಿಯ ಹೆಚ್ಚುಗಾರಿಕೆಯೇ ಅದು. ಆದರೆ ಅದರೊಳಗೆ ಒಂದು ನಂಬಿಕೆ ಅಡಗಿದೆ: ಎಲ್ಲ ದ್ರವಗಳ ಹನಿಯೂ ಒಂದೇ ಗಾತ್ರದ್ದು ಎಂಬ ನಂಬಿಕೆ. ನಳಿಕೆಯ ತುದಿಯಲ್ಲಿ ಜೋತಾಡುವ ಹನಿಯನ್ನು ಹಿಡಿದಿಡುವುದು ದ್ರವದ ಮೇಲ್ಮೈ ಎಳೆತ. ತೂಕ ಅದನ್ನು ಮೀರಿದಾಗ ಹನಿ ಕಳಚಿ ಬೀಳುತ್ತದೆ. ಮೇಲ್ಮೈ ಎಳೆತ ಕಡಿಮೆ ಇದ್ದರೆ ಹನಿ ಬೇಗನೆ, ಚಿಕ್ಕದಾಗಿರುವಾಗಲೇ ಕಳಚಿಕೊಳ್ಳುತ್ತದೆ. ದ್ರವದ ಸಾಂದ್ರತೆ, ನಳಿಕೆಯ ಅಗಲ, ಹನಿ ಬೀಳುವ ವೇಗ ಇವೂ ಗಾತ್ರವನ್ನು ಅಷ್ಟಿಷ್ಟು ಬದಲಿಸುತ್ತವೆ.

ಇದಕ್ಕೆ ಒಳ್ಳೆಯ ಉದಾಹರಣೆ ಹೃದಯದ ಬಡಿತ ಏರುಪೇರಾದಾಗ ಕೊಡುವ ಅಮಿಯೊಡರೋನ್ ಎಂಬ ಔಷಧ. ಅದು ನೀರಿನಲ್ಲಿ ಕರಗಲೆಂದು ಸಾಬೂನಿನ ಗುಣವಿರುವ ಒಂದು ಪದಾರ್ಥವನ್ನು ಬೆರೆಸಿರುತ್ತಾರೆ. ಅದರಿಂದ ಹನಿ ಚಿಕ್ಕದಾಗುತ್ತದೆ. ಹನಿ ಎಣಿಸಿ ಕೊಟ್ಟರೆ ರೋಗಿಗೆ ಸೇರುವ ಔಷಧ ಶೇಕಡಾ 30ರವರೆಗೂ ಕಡಿಮೆಯಾಗಬಹುದು ಎಂದು ಆ ಔಷಧದ ಮಾಹಿತಿ ಪತ್ರದಲ್ಲೇ ಎಚ್ಚರಿಕೆ ಇದೆ. ಎಣಿಕೆ ನೂರಕ್ಕೆ ನೂರು ಸರಿ, ಅಳತೆ ಮಾತ್ರ ತಪ್ಪು.

ಆದ್ದರಿಂದ ಅನುಭವಿ ಸಿಸ್ಟರುಗಳು ಹನಿಯೊಂದನ್ನೇ ನಂಬುವುದಿಲ್ಲ. ಬಾಟಲಿಯ ಮೇಲೆ ಒಂದು ಪಟ್ಟಿ ಅಂಟಿಸಿ, ಇಂಥ ಗಂಟೆಗೆ ದ್ರವದ ಮಟ್ಟ ಇಲ್ಲಿಗೆ ಇಳಿದಿರಬೇಕು ಎಂದು ಗೆರೆ ಹಾಕುತ್ತಾರೆ. ಹನಿ ಸುಳ್ಳು ಹೇಳಿದರೂ ಗೆರೆ ಸುಳ್ಳು ಹೇಳುವುದಿಲ್ಲ.

<b>ಬೆಟ್ಟದ ಮಕ್ಕಳು, ಕುಡುಗೋಲು ಕಣ</b>

ಮಂದದ ಪ್ರಶ್ನೆ ಕೊಳವೆಯಲ್ಲಿ ಮುಗಿಯುವುದಿಲ್ಲ, ರಕ್ತನಾಳದೊಳಗೂ ಮುಂದುವರಿಯುತ್ತದೆ. ಇದಕ್ಕೆ ಸಾಕ್ಷಿ ಯಳಂದೂರು ತಾಲ್ಲೂಕಿನಲ್ಲೇ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಆರೋಗ್ಯಕ್ಕಾಗಿ ದುಡಿದ ಸಂಸ್ಥೆ. ಅಲ್ಲಿ ಎದುರಾದ ಕಾಯಿಲೆಗಳಲ್ಲಿ ಕುಡುಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್ ಅನೀಮಿಯಾ ಕೂಡ ಒಂದು.

ಇದು ತಂದೆ ತಾಯಿ ಇಬ್ಬರಿಂದಲೂ ಬರುವ ಆನುವಂಶಿಕ ಕಾಯಿಲೆ. ಹಿಮೋಗ್ಲೋಬಿನ್ ಸರಪಳಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ. ಅಷ್ಟಕ್ಕೇ, ಆಮ್ಲಜನಕ ಕಳೆದುಕೊಂಡಾಗ ದುಂಡನೆಯ ಕೆಂಪು ಕಣ ಬಿಗಿದು ಕುಡುಗೋಲಿನಂತೆ ಬಾಗುತ್ತದೆ. ಮೆತ್ತನೆಯ ಕಣ ಸಣ್ಣ ನಾಳಗಳಲ್ಲಿ ಬಳುಕಿ ನುಸುಳಬಲ್ಲದು. ಬಿಗಿದ ಕಣಕ್ಕೆ ಅದು ಸಾಧ್ಯವಿಲ್ಲ. ರಕ್ತ ಮಂದವಾಗಿ, ಕಣಗಳು ಸಿಕ್ಕಿಹಾಕಿಕೊಂಡು ಹರಿವು ನಿಲ್ಲುತ್ತದೆ. ಕೈಕಾಲು, ಬೆನ್ನು, ಎದೆಯಲ್ಲಿ ತಡೆಯಲಾರದ ನೋವು. ಮೈಯಲ್ಲಿ ನೀರಿನ ಅಂಶ ಕಡಿಮೆಯಾದರೆ ಕಾಟ ಇನ್ನೂ ಹೆಚ್ಚು. ಹೀಗಾಗಿ ಇಂಥ ಮಕ್ಕಳಿಗೆ ಚೆನ್ನಾಗಿ ನೀರು ಕುಡಿಸಬೇಕು, ಕುಡಿಯಲಾರದಿದ್ದರೆ ಡ್ರಿಪ್ಸ್ ಕೊಡಬೇಕಾಗುತ್ತದೆ.

ಹಾಗೆಂದು ಹೆಚ್ಚು ಕೊಟ್ಟರೆ ಒಳ್ಳೆಯದೇ? ಅಲ್ಲ. ಹೆಚ್ಚಾದ ದ್ರವ ಶ್ವಾಸಕೋಶಕ್ಕೆ ಭಾರ. ರಕ್ತ ಏರಿಸುವಾಗಲೂ ಎಚ್ಚರ ಬೇಕು. ಹಿಮೋಗ್ಲೋಬಿನ್ ಅನ್ನು ಸುಮಾರು 10 ಗ್ರಾಂ ಮೀರಿ ಏರಿಸಿದರೆ ರಕ್ತವೇ ಇನ್ನಷ್ಟು ಮಂದವಾಗಿ ಉಪಕಾರಕ್ಕೆ ಬದಲು ಅಪಕಾರವಾಗಬಹುದು. ಪ್ವಾಸೆಯ ಗಾಜಿನ ಕೊಳವೆಯಲ್ಲಿ ಕಂಡ ನಿಯಮ ಹೀಗೆ ಬೆಟ್ಟದ ಪೋಡಿನ ಮಗುವಿನ ಮೈಯಲ್ಲಿ ಜೀವಂತವಾಗಿದೆ. ಕುಡುಗೋಲು ಕಣ ರೋಗದ ನಿರ್ಮೂಲನಕ್ಕೆ 2023ರ ಜುಲೈ 1ರಂದು ದೇಶದಾದ್ಯಂತ ಒಂದು ಅಭಿಯಾನವನ್ನೇ ಆರಂಭಿಸಲಾಯಿತು. ರಕ್ತ ಪರೀಕ್ಷೆಯಿಂದ ಇದನ್ನು ಎಳವೆಯಲ್ಲೇ ಪತ್ತೆ ಹಚ್ಚಬಹುದು.

ರಕ್ತದ ಚೀಲವನ್ನು 2ರಿಂದ 6 ಡಿಗ್ರಿಯ ತಂಪಿನಲ್ಲಿ ಇಟ್ಟಿರುತ್ತಾರೆ. ಮೊದಲೇ ಮಂದ, ತಂಪಿನಿಂದ ಇನ್ನೂ ಮಂದ. ಅದಕ್ಕಾಗಿ ದೊಡ್ಡ ಕ್ಯಾನುಲಾ, ಸೋಸುವ ಜಾಲರಿಯಿರುವ ಬೇರೆಯದೇ ಸೆಟ್. ಹೊರತೆಗೆದ ಚೀಲವನ್ನು 4 ಗಂಟೆಯೊಳಗೆ ಮುಗಿಸಬೇಕೆಂಬ ನಿಯಮವೂ ಇದೆ. ಹೆಚ್ಚು ಹೊತ್ತು ಹೊರಗಿದ್ದರೆ ರೋಗಾಣು ಬೆಳೆಯುವ ಭಯ. ಹನಿ ನಿಧಾನವಾಯಿತೆಂದು ಮನೆಯವರು ಚೀಲವನ್ನು ಬಿಸಿನೀರಿನಲ್ಲಿ ಅದ್ದುವುದು, ಹಿಂಡುವುದು ಎಂದಿಗೂ ಕೂಡದು. ಅತಿ ಬಿಸಿಗೆ ಕೆಂಪು ಕಣಗಳು ಒಡೆದುಹೋಗುತ್ತವೆ.

<b>ಸುಳ್ವಾಡಿಯ ನೆನಪು</b>

ಹನಿಯ ಲೆಕ್ಕ ಏಕೆ ಇಷ್ಟು ಮುಖ್ಯ ಎಂಬುದಕ್ಕೆ ಈ ಸೀಮೆಯ ಜನ ಮರೆಯದ ಒಂದು ದಿನವಿದೆ. 2018ರ ಡಿಸೆಂಬರ್ 14. ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ ಮಾರಮ್ಮನ ದೇವಸ್ಥಾನದ ಪ್ರಸಾದದಲ್ಲಿ ಕೀಟನಾಶಕ ಬೆರೆತು 17 ಮಂದಿ ಸತ್ತರು. ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಕಾಮಗೆರೆ, ಕೊಳ್ಳೇಗಾಲ, ಮೈಸೂರಿನ ಆಸ್ಪತ್ರೆಗಳಲ್ಲಿ ಅವರಿಗೆ ಚಿಕಿತ್ಸೆ ನಡೆಯಿತು.

ರಂಜಕದ ಸಂಯುಕ್ತಗಳಿರುವ ಇಂಥ ಕೀಟನಾಶಕ ಹೊಟ್ಟೆ ಸೇರಿದಾಗ ಕೊಡುವ ಮುಖ್ಯ ಔಷಧ ಅಟ್ರೊಪಿನ್. ಮೊದಲು ಬೇಗ ಬೇಗನೆ ಚುಚ್ಚುಮದ್ದು ಕೊಟ್ಟು, ಎದೆಯ ಗೊರಗೊರ ಸದ್ದು ನಿಂತು ನಾಡಿ ಸುಧಾರಿಸಿದ ಮೇಲೆ ಡ್ರಿಪ್ಸ್‌ನಲ್ಲಿ ಗಂಟೆಗೆ ಇಷ್ಟು ಎಂದು ಹರಿಸುತ್ತಾರೆ. ಕಡಿಮೆಯಾದರೆ ವಿಷ ಮತ್ತೆ ಮೇಲುಗೈ ಪಡೆಯುತ್ತದೆ. ಹೆಚ್ಚಾದರೆ ಜ್ವರ, ಬಡಬಡಿಕೆ, ಹೃದಯದ ಓಟ. ಅಟ್ರೊಪಿನ್ ಬೆರೆತ ಸಲೈನ್ ಮಂದವೇನೂ ಆಗುವುದಿಲ್ಲ, ನಿಜ. ಆದರೆ ಕೊಳವೆ ಸರಿಯುವುದು, ಉಷ್ಣತೆ ಇಳಿಯುವುದು, ಅವಸರದ ಕೈ ಚಕ್ರ ಮುಟ್ಟುವುದು ಇವೆಲ್ಲ ಅಲ್ಲಿಯೂ ಇರುತ್ತವೆ. ಪೊಟಾಸಿಯಂ ಬೆರೆಸಿದ ಬಾಟಲಿಯದೂ ಇದೇ ಕಥೆ. ಅದು ಬೇಗ ಹೋದರೆ ಹೃದಯದ ಬಡಿತವೇ ಏರುಪೇರಾಗಬಹುದು.

ಇಂಥ ಔಷಧಗಳಿಗೆ ದೊಡ್ಡ ಆಸ್ಪತ್ರೆಗಳಲ್ಲಿ ಇನ್‌ಫ್ಯೂಷನ್ ಪಂಪು ಬಳಸುತ್ತಾರೆ. ಅದು ಹನಿ ಎಣಿಸುತ್ತ ಕೂರುವುದಿಲ್ಲ. ಗಂಟೆಗೆ ಇಷ್ಟು ಎಂದು ಅಳೆದು ತಳ್ಳುತ್ತದೆ. ದ್ರವ ಮಂದವಾದರೆ ಹೆಚ್ಚು ಬಲ ಹಾಕುತ್ತದೆ, ಲೆಕ್ಕ ಬದಲಿಸುವುದಿಲ್ಲ. ಸಾಮಾನ್ಯವಾಗಿ ಶೇಕಡಾ 5ರೊಳಗಿನ ತಪ್ಪಿನಲ್ಲಿ ಕೆಲಸ ಮಾಡುತ್ತದೆ. ಮಂದವಾದ ದ್ರವವನ್ನು ತೀರ ಸಣ್ಣ ಕ್ಯಾನುಲಾದಲ್ಲಿ ತಳ್ಳಬೇಕಾಗಿ ಬಂದರೆ ಒತ್ತಡ ಮಿತಿ ಮೀರಿ ಕೂಗಿಕೊಳ್ಳುತ್ತದೆ. ಪಂಪು ಇಲ್ಲದ ಕಡೆ ಮಕ್ಕಳಿಗೆ ನಡುವೆ 100 ಮಿ.ಲೀ. ಅಳತೆಗೂಡು ಇರುವ ಬ್ಯುರೆಟ್ ಸೆಟ್ ಬಳಸುವುದುಂಟು. ಚಕ್ರ ಪೂರ್ತಿ ತೆರೆದುಕೊಂಡರೂ ಗೂಡಿನಲ್ಲಿರುವಷ್ಟೇ ಹೋಗಿ ನಿಲ್ಲುತ್ತದೆ. ಸರಳ ಉಪಾಯ, ದೊಡ್ಡ ರಕ್ಷಣೆ.

<b>ಮನೆಯಲ್ಲೇ ಪ್ರಯೋಗ</b>

ವಿದ್ಯಾರ್ಥಿಗಳು ಇದನ್ನು ಕಣ್ಣಾರೆ ಕಾಣಬಹುದು. ಔಷಧಿ ಅಂಗಡಿಯಿಂದ ಹೊಸ ಡ್ರಿಪ್ಸ್ ಸೆಟ್ ತರಬೇಕು. ಆಸ್ಪತ್ರೆಯ ಹಿಂದೆ ಬಿದ್ದಿರುವ ಬಳಸಿದ ಸೆಟ್ಟನ್ನು ಮುಟ್ಟಲೇಬಾರದು. ಸೂಜಿ ಇದ್ದರೆ ಹಿರಿಯರ ಕೈಗೆ ಕೊಟ್ಟುಬಿಡಿ. ಒಂದು ಪ್ಲಾಸ್ಟಿಕ್ ನೀರಿನ ಬಾಟಲಿಯ ಮುಚ್ಚಳದಲ್ಲಿ ಹಿರಿಯರಿಂದ ರಂಧ್ರ ಮಾಡಿಸಿ ಸೆಟ್ಟಿನ ಚೂಪು ತುದಿಯನ್ನು ಬಿಗಿಯಾಗಿ ಸೇರಿಸಿ. ಬಾಟಲಿಯ ತಳದಲ್ಲಿ ಗಾಳಿಗೆ ಇನ್ನೊಂದು ಸಣ್ಣ ರಂಧ್ರ. ತಲೆಕೆಳಗಾಗಿ ಗೋಡೆಯ ಮೊಳೆಗೆ ತೂಗುಹಾಕಿ, ಕೊಳವೆಯ ತುದಿ ಸುಮಾರು ಒಂದು ಮೀಟರು ಕೆಳಗಿರಲಿ.

ಮೊದಲು ನೀರು ತುಂಬಿ, ನಿಮಿಷಕ್ಕೆ 40 ಹನಿ ಬೀಳುವಂತೆ ಚಕ್ರ ನಿಲ್ಲಿಸಿ. ಹತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿ, ಬದಲಾಗಿದ್ದರೆ ಬರೆದುಕೊಂಡು ಸರಿಪಡಿಸಿ. ಈಗ ಚಕ್ರ ಮುಟ್ಟದೆ ನೀರನ್ನು ಚೆಲ್ಲಿ, 60 ಗ್ರಾಂ ನೀರಿಗೆ 40 ಗ್ರಾಂ ಸಕ್ಕರೆಯ ಲೆಕ್ಕದಲ್ಲಿ ಕರಗಿಸಿದ ಪಾನಕವನ್ನು ಅದೇ ಮಟ್ಟಕ್ಕೆ ತುಂಬಿ. ಹಳೆಯ ನೀರೆಲ್ಲ ಹೋದ ಮೇಲೆ ಎಣಿಸಿದರೆ ಹನಿ ಎಂಟರ ಆಸುಪಾಸಿಗೆ ಇಳಿದಿರಬೇಕು. ಈ ಪಾನಕದ ಸ್ನಿಗ್ಧತೆ 20 ಡಿಗ್ರಿಯಲ್ಲಿ ನೀರಿನ 6 ಪಟ್ಟು. ಸಕ್ಕರೆಯನ್ನು ಶೇಕಡಾ 60ಕ್ಕೆ ಏರಿಸಿದರೆ ಸ್ನಿಗ್ಧತೆ ಒಂದೂವರೆ ಪಟ್ಟಾಗುವುದಿಲ್ಲ, ನೀರಿನ 58 ಪಟ್ಟಿಗೆ ಜಿಗಿಯುತ್ತದೆ! ಆಲೆಮನೆಯಲ್ಲಿ ಬೆಲ್ಲದ ಪಾಕ ಕಾಯಿಸುವವರು ಕೊನೆಯ ಗಳಿಗೆಯಲ್ಲಿ ಕಣ್ಣು ಮಿಟುಕಿಸದೆ ನಿಲ್ಲುವುದು ಸುಮ್ಮನೆ ಅಲ್ಲ.

ಎರಡನೆಯ ಪ್ರಯೋಗ. ನೀರಿನ 100 ಹನಿಗಳನ್ನು ಹಿಡಿದು ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ. 5 ಮಿ.ಲೀ. ಹತ್ತಿರ ಇರುತ್ತದೆ. ನೀರಿಗೆ ಸ್ವಲ್ಪ ಸಾಬೂನು ಕದಡಿ ಮತ್ತೆ 100 ಹನಿ ಹಿಡಿಯಿರಿ. ಈ ಸಲ ಅಷ್ಟು ಬರುವುದಿಲ್ಲ. ಹನಿ ನೂರೇ, ಅಳತೆ ಬೇರೆ.

<b>ಮಂದವಾದ ರಕ್ತ, ಒಂದು ಹಳೆಯ ಪಾಠ</b>

ಅಭಿಧಮನಿಗೆ ಉಪ್ಪುನೀರು ಕೊಡುವ ಚಿಕಿತ್ಸೆ ಹುಟ್ಟಿದ್ದೂ ಮಂದವಾದ ರಕ್ತದಿಂದಲೇ. 1831ರಲ್ಲಿ ಇಂಗ್ಲೆಂಡಿಗೆ ಕಾಲರಾ ಬಂದಾಗ ಓಶಾನೆಸಿ ಎಂಬ ತರುಣ ವೈದ್ಯ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದು ನೀರನ್ನೂ ಲವಣಗಳನ್ನೂ ಕಳೆದುಕೊಂಡು ಗಟ್ಟಿಯಾಗಿದೆ ಎಂದು ತೋರಿಸಿದ. ಮರುವರ್ಷ, 1832ರಲ್ಲಿ, ಸ್ಕಾಟ್ಲೆಂಡಿನ ಥಾಮಸ್ ಲಾಟಾ ಸಾಯುವ ಸ್ಥಿತಿಯಲ್ಲಿದ್ದ ರೋಗಿಗಳ ಅಭಿಧಮನಿಗೆ ಉಪ್ಪುನೀರು ಹರಿಸಿ ಕೆಲವರನ್ನು ಉಳಿಸಿದ. ಅದೇ ಓಶಾನೆಸಿ ಮುಂದೆ ಕಲ್ಕತ್ತೆಗೆ ಬಂದು ಭಾರತದಲ್ಲಿ ತಂತಿ ಮಾರ್ಗಗಳನ್ನು ಹಾಕಿಸಿದವನು ಎಂಬುದು ಕುತೂಹಲದ ಸಂಗತಿ.

ಆದರೆ ಎಲ್ಲ ಸುಸ್ತಿಗೂ ಬಾಟಲಿ ಬೇಕಿಲ್ಲ. 500 ಮಿ.ಲೀ. ಶೇಕಡಾ 5ರ ಗ್ಲೂಕೋಸಿನಲ್ಲಿ ಇರುವುದು 25 ಗ್ರಾಂ ಸಕ್ಕರೆ, ಸುಮಾರು 100 ಕ್ಯಾಲೊರಿಗಿಂತ ಹೆಚ್ಚಿಲ್ಲ. ಎರಡು ಇಡ್ಲಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಬಾಯಿಯಿಂದ ಕುಡಿಯಬಲ್ಲ ಮಗುವಿನ ಸಾಮಾನ್ಯ ಭೇದಿಗೆ ಓ.ಆರ್.ಎಸ್. ಪುಡಿ ಕದಡಿದ ನೀರೇ ಸಾಕು. 1971ರಲ್ಲಿ ಬಂಗಾಳದ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ಸ್ ಮುಗಿದುಹೋದಾಗ ಡಾ. ದಿಲೀಪ್ ಮಹಲನಬಿಸ್ ಇದೇ ನೀರನ್ನು ಕುಡಿಸಿ ಸಾವಿರಾರು ಜೀವ ಉಳಿಸಿದರು.

ಡ್ರಿಪ್ಸ್ ಬೇಕೇ ಬೇಕು ಎಂದು ವೈದ್ಯರು ಹೇಳಿದಾಗ ಪಕ್ಕದಲ್ಲಿ ಕುಳಿತವರ ಕೆಲಸ ನಾಲ್ಕೇ. ಚಕ್ರ ಮುಟ್ಟಬಾರದು. ಬಾಟಲಿಯ ಎತ್ತರ ಬದಲಿಸಬಾರದು. ಸಿಸ್ಟರನ್ನು ‘ನಿಮಿಷಕ್ಕೆ ಎಷ್ಟು ಹನಿ, ಎಷ್ಟು ಗಂಟೆಗೆ ಮುಗಿಯಬೇಕು’ ಎಂದು ವಿನಯದಿಂದ ಕೇಳಿ ಬರೆದಿಟ್ಟುಕೊಳ್ಳಬೇಕು. ಬಾಟಲಿ ಬದಲಾದಾಗ, ರಾತ್ರಿ ಚಳಿ ಏರಿದಾಗ, ಹನಿ ಆ ಲೆಕ್ಕದಿಂದ ಸರಿದಂತೆ ಕಂಡರೆ, ಕೈ ಊದಿಕೊಂಡರೆ ಅಥವಾ ಉಸಿರು ಕಟ್ಟಿದಂತಾದರೆ ಕೂಡಲೇ ಅವರನ್ನು ಕರೆಯಬೇಕು. ಹನಿ ಎಣಿಸಲು ಬರುವ ಏಳನೇ ತರಗತಿಯ ಹುಡುಗಿ ಅಜ್ಜಿಯ ಮಂಚದ ಪಕ್ಕ ಗಡಿಯಾರ ಹಿಡಿದು ಕುಳಿತರೆ ಸಿಸ್ಟರಿಗೆ ಇನ್ನೊಂದು ಜೊತೆ ಕಣ್ಣು ಸಿಕ್ಕಂತೆ.

ಕೊನೆ ಬಸ್ಸು ತಪ್ಪಿದರೆ ಬೆಳಿಗ್ಗೆ ಇನ್ನೊಂದು ಬಸ್ಸು ಇದೆ.

ಈ ವಾರದ ಲೆಕ್ಕ: 20 ಹನಿಗೆ 1 ಮಿ.ಲೀ. ಬರುವ ಸೆಟ್ಟಿನಲ್ಲಿ 1 ಲೀಟರ್ ಸಲೈನ್ 8 ಗಂಟೆಯಲ್ಲಿ ಮುಗಿಯಬೇಕಾದರೆ ನಿಮಿಷಕ್ಕೆ ಎಷ್ಟು ಹನಿ ಬೀಳಬೇಕು? ಅರ್ಧ ಬಾಟಲಿ ಮುಗಿದ ಮೇಲೆ ಹನಿ 30ಕ್ಕೆ ಇಳಿದು ಹಾಗೇ ಉಳಿದರೆ ಉಳಿದ ಅರ್ಧಕ್ಕೆ ಎಷ್ಟು ಹೊತ್ತು ಬೇಕು? (ಉತ್ತರ: ಸುಮಾರು 42 ಹನಿ; 5 ಗಂಟೆ 33 ನಿಮಿಷ.)